ರಾಯಲ್ ಟ್ರೂನ್ ಗಾಲ್ಫ್ ಮೈದಾನದ 8ನೇ ಹೋಲ್ ಬರೀ 123 ಗಜ. ಆದರೂ ಗಾಳಿ ಇದ್ದಾಗ ಯಾಕಷ್ಟು ಕಷ್ಟ? ಹೇಗೆ ಆಡಬೇಕು?

ಸ್ಕಾಟ್ಲೆಂಡಿನ ಈ ಹೋಲ್‌ಗೆ ಪೋಸ್ಟೇಜ್ ಸ್ಟ್ಯಾಂಪ್ ಅಂತ ಹೆಸರು. ಗ್ರೀನ್ (ಗುಳಿ ಇರುವ ನುಣುಪು ಹುಲ್ಲಿನ ಜಾಗ) ಅಷ್ಟು ಚಿಕ್ಕದು. ಎಡಗಡೆ ಮರಳುದಿಬ್ಬ, ಸುತ್ತ ಐದು ಆಳವಾದ ಬಂಕರ್ (ಮರಳುಗುಂಡಿ). ಟೀ (ಮೊದಲ ಹೊಡೆತ ಹೊಡೆಯುವ ಜಾಗ) ಎತ್ತರದಲ್ಲಿದೆ, ಹಾಗಾಗಿ ಚೆಂಡು ಪೂರ್ತಿ ಗಾಳಿಗೆ ಸಿಗುತ್ತದೆ. 1950ರ ಓಪನ್ ಚಾಂಪಿಯನ್‌ಶಿಪ್ ಟೂರ್ನಿಯಲ್ಲಿ ಜರ್ಮನಿಯ ಹರ್ಮನ್ ಟಿಸೀಸ್ ಇಲ್ಲಿ 15 ಹೊಡೆತ ಹೊಡೆದರು, ಪಾಪ.

ಎದುರುಗಾಳಿ ಇದ್ದರೆ ಜೋರಾಗಿ ಬೀಸಲೇಬೇಡಿ. ಬೀಸಿದಷ್ಟೂ ಬ್ಯಾಕ್‌ಸ್ಪಿನ್ (ಚೆಂಡು ಹಿಮ್ಮುಖವಾಗಿ ಸುತ್ತುವುದು) ಜಾಸ್ತಿ. ಚೆಂಡು ಸುಮ್ನೆ ಮೇಲಕ್ಕೇರಿ ಗ್ರೀನ್ ಮುಟ್ಟುವ ಮೊದಲೇ ಬೀಳುತ್ತದೆ. ಇಷ್ಟು ದೂರಕ್ಕೆ ವೆಜ್ (ಚೆಂಡನ್ನು ಎತ್ತರಕ್ಕೆ ಹಾರಿಸುವ ಗಿಡ್ಡ ಕ್ಲಬ್, ಅಂದರೆ ಗಾಲ್ಫ್ ಕೋಲು) ಸಾಕು ಅನ್ನಿಸಿದರೂ ಉದ್ದದ ಕ್ಲಬ್ ತೆಗೆದುಕೊಂಡು, ಮುಕ್ಕಾಲು ಸ್ವಿಂಗ್‌ನಲ್ಲಿ ತಗ್ಗಾಗಿ ಕಳಿಸಿ. 1973ರ ಓಪನ್‌ನಲ್ಲಿ 71 ವರ್ಷದ ಜೀನ್ ಸರಾಜೆನ್ 5-ಐರನ್ ಎಂಬ ಉದ್ದದ ಕ್ಲಬ್‌ನಲ್ಲಿ ಒಂದೇ ಹೊಡೆತಕ್ಕೆ ಇಲ್ಲಿ ಗುಳಿಗೆ ಹಾಕಿದ್ದರು. ಮರುದಿನ ಬಂಕರ್‌ಗೆ ಬಿದ್ದ ಚೆಂಡನ್ನೂ ಅಲ್ಲಿಂದಲೇ ಗುಳಿಗೆ ಕಳಿಸಿದರು. ಎರಡು ದಿನವೂ ಇಲ್ಲಿ ಪಟರ್ (ಗ್ರೀನ್ ಮೇಲೆ ಚೆಂಡು ಉರುಳಿಸುವ ಕ್ಲಬ್) ಬೇಕಾಗಲೇ ಇಲ್ಲ!