ವಿದೇಶದಲ್ಲಿ ಬಂಧನವಾದರೆ ಪತ್ರಕರ್ತರ ವೃತ್ತಿ ಅಲ್ಲಿಗೇ ಮುಗಿಯುತ್ತದಾ?

ಉಡುಪಿಯಲ್ಲಿ ಪತ್ರಿಕೋದ್ಯಮ ಓದುತ್ತಿದ್ದೇನೆ, ವಿದೇಶ ವರದಿಗೆ ಹೋಗುತ್ತೇನೆ ಅಂದರೆ ಅಮ್ಮ ಹೆದರುತ್ತಾರೆ ಎಂದು ಬರೆದಿದ್ದೀರಿ. ಅವರ ಹೆದರಿಕೆ ಸುಮ್ನೆ ಅಲ್ಲ. ಆದರೆ ವೃತ್ತಿ ಮುಗಿಯಲೇಬೇಕೆಂದಿಲ್ಲ.

ಆಸ್ಟ್ರೇಲಿಯಾದ ಪತ್ರಕರ್ತ ಪೀಟರ್ ಗ್ರೆಸ್ಟೆ ಅವರನ್ನು ನೋಡಿ. ರಾಯ್ಟರ್ಸ್, ಬಿಬಿಸಿಗಳಲ್ಲಿ ದುಡಿದವರು. ಸೊಮಾಲಿಯಾ ಕುರಿತ ಸಾಕ್ಷ್ಯಚಿತ್ರಕ್ಕೆ ಅಮೆರಿಕದ ಹೆಸರಾಂತ ಮಾಧ್ಯಮ ಪ್ರಶಸ್ತಿಯಾದ ಪೀಬಡಿ ಪಡೆದವರು. 2013ರ ಡಿಸೆಂಬರ್‌ನಲ್ಲಿ ಅಲ್ ಜಜೀರಾ ಸುದ್ದಿವಾಹಿನಿ ಪರವಾಗಿ ಈಜಿಪ್ಟ್‌ನ ಕೈರೋಗೆ ಹೋಗಿದ್ದರು, ಅದೂ ಕೆಲವೇ ವಾರಗಳ ಬದಲಿ ಕೆಲಸಕ್ಕೆ. ಅಲ್ಲಿನ ಭದ್ರತಾ ಸಿಬ್ಬಂದಿ ಹೋಟೆಲಿನಿಂದಲೇ ಅವರನ್ನು ಹಿಡಿದೊಯ್ದರು. ಸುಳ್ಳು ಸುದ್ದಿಯ ಆರೋಪ, 7 ವರ್ಷ ಶಿಕ್ಷೆ. ಸುಮಾರು 400 ದಿನ ಜೈಲಿನಲ್ಲಿದ್ದು 2015ರ ಫೆಬ್ರವರಿ 1ರಂದು ಹೊರಬಂದರು. ಅದೇ ಪ್ರಕರಣದಲ್ಲಿ ಸಿಕ್ಕಿಬಿದ್ದ ಇಬ್ಬರು ಸಹೋದ್ಯೋಗಿಗಳು ಮಾತ್ರ, ನಡುವೆ ಜಾಮೀನು ಸಿಕ್ಕಿದ್ದರೂ, ಕ್ಷಮಾದಾನಕ್ಕೆ ಸೆಪ್ಟೆಂಬರ್‌ವರೆಗೂ ಕಾಯಬೇಕಾಯಿತು. ನನಗೆ ಜಾಸ್ತಿ ನೋವಾಗುವುದು ಇದೇ.

ಆಮೇಲೆ ಅವರು 2018ರಲ್ಲಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಪತ್ರಿಕಾ ಸ್ವಾತಂತ್ರ್ಯಕ್ಕಾಗಿ ಸಂಘಟನೆಯನ್ನೂ ಕಟ್ಟಿದರು. ವೃತ್ತಿ ನಿಲ್ಲಲಿಲ್ಲ, ದಾರಿ ಬದಲಾಯಿತು. ಅಷ್ಟೇ ಅಲ್ವಾ?

ಇದೊಂದನ್ನು ಅಮ್ಮನಿಗೂ ಹೇಳಿ: ದೇಶಗಳ ನಡುವಿನ ದೂತಾವಾಸ ಸಂಬಂಧಗಳ ಕುರಿತ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಪ್ರಕಾರ, ಬಂಧಿತರು ಕೇಳಿದರೆ ಅವರ ದೇಶದ ರಾಯಭಾರ ಕಚೇರಿಗೆ ತಡಮಾಡದೆ ತಿಳಿಸಬೇಕು. ಮಂಗಳೂರಿನಿಂದ ವಿಮಾನ ಹತ್ತುವ ಮೊದಲೇ ಆ ಕಚೇರಿಯ ನಂಬರ್ ಬರೆದು ಮನೆಯಲ್ಲಿಡಿ. ಟೂರಿಸ್ಟ್ ವೀಸಾದಲ್ಲಂತೂ ವರದಿಗೆ ಹೋಗಬೇಡಿ.