ಆ ಜಪಾನಿ ಅಲಗಿನ ಮೇಲಿರುವುದು ಏನು?

ನಮಸ್ಕಾರ. ಹಳೇ ಸಾಮಾನಿನಂಗಡಿಯಲ್ಲಿ ಸಿಕ್ಕ ದಪ್ಪ ಅಲಗು ಯಾವ ಕಾಲದ್ದು, ತುಕ್ಕು ಉಜ್ಜಿ ತೆಗೆಯಬಹುದಾ ಅಂತ ಕೇಳಿದ್ದೀರಿ. ಫೋಟೋದಲ್ಲಿರುವುದು ಕನ್ನಾ, ಅಂದರೆ ಮರ ಕೀಸಿ ನಯ ಮಾಡುವ ಜಪಾನಿ ತೋಪಡದ ಅಲಗು. ನಮ್ಮ ಬಡಗಿಗಳು ತೋಪಡವನ್ನು ಮುಂದಕ್ಕೆ ತಳ್ಳುತ್ತಾರೆ, ಜಪಾನಿನವರು ತಮ್ಮ ಕಡೆಗೆ ಎಳೆಯುತ್ತಾರೆ.

ಮೊದಲು ಅಲಗಿನ ಮೇಲಿರುವ ಜಪಾನಿ ಅಕ್ಷರ ನೋಡಿ. ಕೊನೆಯಲ್ಲಿ 'ಸಕು' ಇದ್ದರೆ 'ಇಂಥವರು ಮಾಡಿದ್ದು' ಅಂತ. ಅದರ ಮೇಲಿನದ್ದು ಕಮ್ಮಾರನ ಅಥವಾ ಬ್ರ್ಯಾಂಡಿನ ಹೆಸರು. ಪಕ್ಕದ ಸಣ್ಣ ಮುದ್ರೆ 'ತೊರೊಕು' ಆಗಿದ್ದರೆ ನೋಂದಾಯಿತ ಗುರುತು ಅಂತ. ಜಪಾನಿನಲ್ಲಿ ಟ್ರೇಡ್‌ಮಾರ್ಕ್ ನಿಯಮ ಬಂದದ್ದು 1884ರಲ್ಲಿ, ಹಾಗಾಗಿ ಆ ಮುದ್ರೆ ಇರುವ ಅಲಗು ಅದಕ್ಕಿಂತ ಹಳೆಯದಲ್ಲ. ಅಡ್ಡಸಾಲಿನ ಬರಹ ಬಲದಿಂದ ಎಡಕ್ಕಿದ್ದರೆ ಎರಡನೇ ಮಹಾಯುದ್ಧಕ್ಕೆ ಮುಂಚಿನದ್ದಿರುವ ಸಾಧ್ಯತೆ ಜಾಸ್ತಿ. ಯಾರಾದರೂ 'ಚಿಯೊಜುರು ಕೊರೆಹಿದೆ' ಅನ್ನೋ ಹೆಸರು ಓದಿ ಹೇಳಿದರೆ ಸುಮ್ನೆ ಕುಣಿಯಬೇಡಿ. ಕೊರೆಹಿದೆ (1874–1957) ದೊಡ್ಡ ಕಮ್ಮಾರರು, ಅದಕ್ಕೇ ಆ ಹೆಸರಿನ ನಕಲಿಗಳೂ ಇವೆ.

ಹೆಸರಿಗಿಂತ ಲೋಹ ನೋಡುವುದು ಮೇಲು. ಬಾಯಿಯ ಇಳಿಜಾರಿನಲ್ಲಿ ಎರಡು ಬಣ್ಣ ಕಾಣುತ್ತಾ? ಮಂಕಾದ ಮೆತ್ತಗಿನ ಕಬ್ಬಿಣ, ಅಂಚಿನಲ್ಲಿ ಹೊಳೆಯುವ ಗಟ್ಟಿ ಉಕ್ಕಿನ ತೆಳು ಪಟ್ಟಿ. ಹಿಂಬದಿಯಲ್ಲಿ ಸ್ವಲ್ಪ ತಗ್ಗಿರಬೇಕು. ಆ ಉಕ್ಕಿನ ಪಟ್ಟಿ ಇನ್ನೂ ಉದ್ದ ಉಳಿದಿದ್ದರೆ ಅಲಗು ಕೆಲಸಕ್ಕೆ ಬರುತ್ತದೆ.

ಅಕ್ಷರ ಇರುವ ಕಡೆ ಉಪ್ಪುಕಾಗದ ಮಾತ್ರ ಹಾಕಬೇಡಿ, ಬೆಲೆಯೇ ಹೋಗುತ್ತದೆ. ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಒರೆಸಿ. ಆಮೇಲೆ ಟಾರ್ಚ್ ಬೆಳಕು ಪಕ್ಕದಿಂದ ಬೀಳುವ ಹಾಗೆ ಹಿಡಿದು ಇನ್ನೊಂದು ಫೋಟೋ ಹಾಕಿ. ಎರಡನೇ ಅಕ್ಷರ ಈಗ ಸರಿಯಾಗಿ ಕಾಣ್ತಿಲ್ಲ.