ಐರಿಶ್ ಗಾಯಕ ಡೇಮಿಯನ್ ರೈಸ್‌ನ 'ಓ' ಆಲ್ಬಮ್ ತರಹ ಬರೀ ಗಿಟಾರ್, ದನಿ ಇಟ್ಟು ಮನೆಯಲ್ಲೇ ರೆಕಾರ್ಡ್ ಮಾಡಬೇಕು. ಯಾವ ಮೈಕ್ ಕೊಳ್ಳಲಿ?

ಮೈಕ್ ಕೊಳ್ಳಬೇಡಿ. ನಾನು ಕೊಂಡೆ, 400 ಯೂರೋ.

ಆಗ ಡಬ್ಲಿನ್‌ನಲ್ಲಿ ಕೆಲಸ, ರಾತ್‌ಮೈನ್ಸ್‌ನಲ್ಲಿ ಒಂದು ಬಾಡಿಗೆ ಕೋಣೆ. ಸಹೋದ್ಯೋಗಿಯೊಬ್ಬ 'ಓ' ಕೇಳಿಸಿದ. 2002ರ ಆಲ್ಬಮ್. ಅದರ ಕಥೆ ನನ್ನ ತಲೆ ಕೆಡಿಸಿತು: ಐರ್ಲೆಂಡಿನ ಕಿಲ್‌ಡೇರ್ ಕೌಂಟಿಯ ಹುಡುಗ ರೈಸ್, ರೆಕಾರ್ಡ್ ಕಂಪನಿಯ ಹಂಗು ಬೇಡವೆಂದು ಜೂನಿಪರ್ ಬ್ಯಾಂಡ್ ಬಿಟ್ಟು ಇಟಲಿಗೆ ಹೋದ, ಬೀದಿಗಳಲ್ಲಿ ಹಾಡಿದ, ಊರಿಗೆ ಮರಳಿದ. ಬಾಂಡ್ ಚಿತ್ರಗಳ ಸಂಗೀತಗಾರ ಡೇವಿಡ್ ಆರ್ನಾಲ್ಡ್ ಇವನ ಸಂಬಂಧಿ. ಆರ್ನಾಲ್ಡ್ ಇವನ ಡೆಮೊ, ಅಂದ್ರೆ ಮಾದರಿ ಧ್ವನಿಮುದ್ರಣ, ಕೇಳಿ ಮನೆಯಲ್ಲೇ ರೆಕಾರ್ಡ್ ಮಾಡುವ ಸಾಮಗ್ರಿ ಕೊಡಿಸಿದ. ನಾನು ಇದರಲ್ಲಿ ಹಿಡಿದುಕೊಂಡದ್ದು 'ಸಾಮಗ್ರಿ' ಅನ್ನೋ ಒಂದೇ ಪದ.

ನನ್ನ ತಪ್ಪು ಮೈಕ್ ಅಲ್ಲ, ಕ್ಲಿಕ್, ಅಂದ್ರೆ ಲಯ ತಪ್ಪದಿರಲಿ ಅಂತ ಹಾಕಿಕೊಳ್ಳುವ ಯಂತ್ರದ ಟಿಕ್ ಟಿಕ್. ಇದನ್ನು ಸ್ವಲ್ಪ ಬಿಡಿಸಿಯೇ ಹೇಳ್ತೀನಿ, ಯಾಕಂದ್ರೆ ಹನ್ನೊಂದು ತಿಂಗಳು ತಿಂದದ್ದು ಇದೇ. ಇಯರ್‌ಫೋನಿನಲ್ಲಿ ನಿಮಿಷಕ್ಕೆ 72 ಸಲ ಟಿಕ್ ಟಿಕ್ ಅನ್ನಿಸಿಕೊಂಡು ಮೊದಲು ಗಿಟಾರ್ ಪೂರ್ತಿ ನುಡಿಸಿದೆ. ದನಿ ಮಾರನೇ ದಿನ. ಸಾಲಿನ ಕೊನೆಯಲ್ಲಿ ಒಂದು ಸ್ವರ ಹಿಡಿದು ನಿಲ್ಲೋಣ ಅಂದ್ರೆ ಗಿಟಾರ್ ಆಗಲೇ ಮುಂದಕ್ಕೆ ಹೋಗಿರ್ತಿತ್ತು. ನಾನು ಹೊರಟ ಬಸ್ಸಿನ ಹಿಂದೆ ಓಡುವವನ ಹಾಗೆ ಮುಂದಿನ ಪದ ನುಂಗಿಕೊಂಡು ಸೇರಿಕೊಳ್ತಿದ್ದೆ. ಡ್ರಮ್ಸು, ಕೀಬೋರ್ಡು ತುಂಬಿದ ಹಾಡಿನಲ್ಲಿ ಇದು ಮುಚ್ಚಿಹೋಗುತ್ತೆ. ಎರಡೇ ಎಳೆ ಇರುವಲ್ಲಿ ಮುಚ್ಚೋದಕ್ಕೆ ಏನಿದೆ? ಸರಿಪಡಿಸಲು ಉಸಿರಿನ ಸದ್ದೆಲ್ಲ ಕತ್ತರಿಸಿದೆ. ಆಮೇಲೆ ಖಾಲಿ ಅನ್ನಿಸಿತು ಅಂತ ರಿವರ್ಬ್, ಅಂದ್ರೆ ದೊಡ್ಡ ಹಾಲಿನಲ್ಲಿ ಹಾಡಿದ ಹಾಗಿನ ಅನುರಣನ, ಸುರಿದೆ.

ಶಿವಮೊಗ್ಗದಲ್ಲಿ ಅಮ್ಮ ಫೋನಿನಲ್ಲಿ ಕೇಳಿ, "ಚೆನ್ನಾಗಿದೆ. ಗಿಟಾರ್ ಬಾರಿಸೋರು ಯಾರು? ಅವರಿಗೆ ಏನೋ ಅವಸರ ಇದ್ದ ಹಾಗಿದೆ" ಅಂದರು.

ಸುಗಮ ಸಂಗೀತದ ವೇದಿಕೆಯಲ್ಲಿ ತಬಲಾದವರು ಹಾಡುವವರ ಮುಖ ನೋಡ್ತಾ ಕೂತಿರೋದನ್ನ ಚಿಕ್ಕಂದಿನಿಂದ ನೋಡಿದವನು ನಾನು. ಆದರೂ ಹೊಳೆದಿರಲಿಲ್ಲ.

ಇನ್ನೊಂದು: 'ಬರೀ ಗಿಟಾರ್, ದನಿ' ಅಂತೀರಲ್ಲ, 'ಓ' ಹಾಗಿಲ್ಲವೇ ಇಲ್ಲ. ವಿವಿಯನ್ ಲಾಂಗ್‌ರ ಚೆಲ್ಲೊ ಇದೆ, ಲೀಸಾ ಹ್ಯಾನಿಗನ್ ದನಿ ಇದೆ, 'ಎಸ್ಕಿಮೊ' ಹಾಡಿನಲ್ಲಿ ಫಿನ್ನಿಶ್ ಭಾಷೆಯ ಒಪೆರಾ ಗಾಯನವೇ ಬರುತ್ತೆ! ಆದರೂ ನಮಗೆ ಬರಿದು ಅನ್ನಿಸೋದು, ಯಾರೂ ಮೈಮೇಲೆ ಬೀಳದೆ ಸರದಿಗೆ ಕಾಯೋದರಿಂದ. 'ದ ಬ್ಲೋವರ್ಸ್ ಡಾಟರ್' ಕೇಳಿ, ಹ್ಯಾನಿಗನ್ ಬಾಯಿ ಬಿಡೋದು ಹಾಡು ಮುಗಿಯುವ ಹೊತ್ತಿಗೆ. ಅಲ್ಲಿಯವರೆಗೆ ಸುಮ್ಮನಿರೋದೂ ಒಂದು ಕೆಲಸವೇ.

ಹಾಗಾಗಿ ದುಡ್ಡು ಖರ್ಚು ಮಾಡಲೇಬೇಕಿದ್ದರೆ ಚೆಲ್ಲೊನೋ ವಯಲಿನ್ನೋ ನುಡಿಸೋರನ್ನ ಒಂದು ಮಧ್ಯಾಹ್ನ ಊಟಕ್ಕೆ ಕರೀರಿ. ಎದುರುಬದುರು ಕೂತು, ಫೋನ್ ಮೇಜಿನ ಮೇಲಿಟ್ಟು, ಗಿಟಾರ್ ದನಿ ಎರಡನ್ನೂ ಒಟ್ಟಿಗೆ ಹಿಡೀರಿ. ಕುಕ್ಕರ್ ಕೂಗಿದರೆ ಕೂಗಲಿ. ನನ್ನ ಏಳು ಹಾಡಲ್ಲಿ ಉಳಿದದ್ದು ಹಾಗೆ ಮಾಡಿದ ಒಂದೇ. ಮೈಕ್ ಈಗ ಆಫೀಸ್ ಮೀಟಿಂಗಿಗೆ ಬಳಸ್ತೀನಿ, ಎಲ್ಲರೂ ಸ್ಪಷ್ಟವಾಗಿ ಕೇಳಿಸುತ್ತೆ ಅಂತಾರೆ.